ಐದೂವರೆ ತಾಸು ಹಿಂದೆ

ಕಂಪ್ಯೂಟರಿನ ಬದಿಯ ತಗಡು ಕಳಚಿದ ಸುಧೀರ, ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಬಿಟ್ಟ. ಒಳಗಿನ ಫ್ಯಾನಿನ ರೆಕ್ಕೆಗೆ ಒಣಗಿದ ಚೆಂಡುಹೂವೊಂದು ಸಿಕ್ಕಿಕೊಂಡಿತ್ತು. ಎರಡು ಹಾರ್ಡ್ ಡಿಸ್ಕುಗಳ ಹಣೆಗೂ ಅರಿಶಿನ, ಕುಂಕುಮ. ವಯರುಗಳ ಸಂದಿಯಲ್ಲಿ ಅಕ್ಕಿಕಾಳು. ಎಂಟು ವರ್ಷದಲ್ಲಿ ಮಡಗಾಂವ್‌ನ ಒಂದು ಲಕ್ಷ ಕಂಪ್ಯೂಟರುಗಳ ಹೊಟ್ಟೆ ಸೀಳಿದ ಕೈ ಅದು. ಊರಲ್ಲಿ ಅಷ್ಟು ಜನರೇ ಇಲ್ಲವಲ್ಲ ಎಂದು ಲೆಕ್ಕ ತೆಗೆಯುವವರು ಬೇಕಾದರೆ ತೆಗೆಯಲಿ. ಹಲ್ಲಿಯ ಸಂಸಾರ ಕಂಡಿದ್ದ, ಇಲಿ ಮರಿ ಹಾಕಿದ್ದು ಕಂಡಿದ್ದ, ಒಮ್ಮೆ ಯಾರದೋ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನೂ ಹೊರತೆಗೆದಿದ್ದ. ಒಳಗೇ ಪೂಜೆ ಮಾಡಿಸಿಕೊಂಡ ಕಂಪ್ಯೂಟರು ಮಾತ್ರ ಇದೇ ಮೊದಲು.

"ಇದು ಯಾರ ಕೆಲಸ ರೀ ಕಾಕಾ?"

ವ್ಯಾಸರಾಜ ಆಚಾರ್ಯರು ಹೆಂಡತಿಯ ಕಡೆ ತಿರುಗಿದರು. ಪದ್ಮಾಬಾಯಿ ಸೆರಗಿನಿಂದ ಕೈ ಒರೆಸಿಕೊಂಡರು.

"ಲಕ್ಷ್ಮೀಪೂಜಾ ದಿನಾ ನಾನ ಮಾಡಿದೆನಪಾ. ಬರೇ ಡಬ್ಬಿ ಮ್ಯಾಲೆ ಕುಂಕುಮ ಹಚ್ಚಿದ್ರ ಒಳಗ ಮುಟ್ಟತದೇನು? ಬಿಚ್ಚಿ, ಒಂದೊಂದೂ ತಗದು ಒರಸಿ, ಹಚ್ಚಿ, ಮತ್ತ ಹೆಂಗಿತ್ತೋ ಹಂಗ ಇಟ್ಟೆ."

"ಹಂಗ ಎಲ್ಲಿಟ್ರಿ ಕಾಕು? ಈ ಎರಡು ಕೆಂಪು ವಯರು ಅದಲಬದಲ ಆಗ್ಯಾವ. ಇದರದು ಅದಕ್ಕ, ಅದರದು ಇದಕ್ಕ."

"ಎರಡೂ ಕೆಂಪ ಇದ್ರ ನನಗ ಹೆಂಗ ತಿಳೀಬೇಕು? ಮಾಡಿದವರಿಗೆ ಬುದ್ಧಿ ಬ್ಯಾಡೇನು? ಒಂದರ ಹಸರ ಇಡಬೇಕಿಲ್ಲೋ."

ಸುಧೀರ ನಕ್ಕ. ಕಪ್ಪು ಪರದೆಯ ಮೇಲೆ 'ಎರರ್ ಹದಿನೇಳು' ಎಂಬ ಒಂದೇ ಸಾಲು ತೋರಿಸಿ ಐದು ದಿನದಿಂದ ಯಂತ್ರ ಯಾಕೆ ಹಟ ಹಿಡಿದು ಕೂತಿತ್ತು ಎಂಬುದು ಅವನಿಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಿಳಿದುಹೋಯಿತು. ಒಂದೇ ಡಬ್ಬದಲ್ಲಿ ಎರಡು ಸಂಸಾರ. ಹಳೆಯ ಡಿಸ್ಕಿನಲ್ಲಿ ಆಚಾರ್ಯರ ವಿಂಡೋಸು, ಅದರೊಳಗೆ ಅವರ ಜ್ಯೋತಿಷ್ಯದ ಪ್ರೋಗ್ರಾಮು. ಹೊಸ ಡಿಸ್ಕಿನಲ್ಲಿ ಇಂಜಿನಿಯರಿಂಗ್ ಓದುವ ಮಗಳು ಧನಶ್ರೀ ಕಳೆದ ಜೂನಿನಲ್ಲಿ ತಂದು ಕೂರಿಸಿದ ಲಿನಕ್ಸು. ಚಾಲೂ ಮಾಡಿದಾಗ ಯಾವ ಮನೆಗೆ ಹೋಗಬೇಕೆಂದು ಕೇಳುವ ಬಾಗಿಲುಕಾಯುವವನೊಬ್ಬ ಇರುತ್ತಾನಲ್ಲ, ಅವನ ವಿಳಾಸ ತಪ್ಪಿತ್ತು. ಧನಶ್ರೀ ಇದ್ದಿದ್ದರೆ ಅವಳೇ ನೋಡುತ್ತಿದ್ದಳು; ಪೂಜೆಯ ಮರುದಿನವೇ ಅವಳು ಕಾರವಾರದ ಅಜ್ಜಿಯ ಮನೆಗೆ ಹೋಗಿದ್ದಳು.

ಬಾಗಿಲ ಬಳಿ ಯಾರೋ ಕೆಮ್ಮಿದರು.

"ಅಣ್ಣಾರ, ಅದಕ್ಕ ಜೀವ ಬರ್ತೈತೋ ಇಲ್ಲೋ? ಮಧ್ಯಾಹ್ನ ಒಂದರೊಳಗ ಡಿಚೋಲಿ ಮುಟ್ಟಬೇಕು ನಾವು."

ಅವನು ಮೌಲಾಸಾಬ, ಟೆಂಪೋದವನು. ಅವನ ಹಿಂದೆ, ಕುರ್ಚಿ ಕೊಟ್ಟರೂ ಕೂರದೆ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತವಳು ಸಾವಂತ್ರೆವ್ವ. ಅವಳ ಸೀರೆಯ ಅಂಚಿಗೆ ಡಿಚೋಲಿಯ ಗಣಿಯ ಕೆಂಪು ಹತ್ತಿತ್ತು. ಅವಳ ಗಂಡ ಯಮನೂರಪ್ಪ ಗಣಿಯಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುವವನು. ನಾಲ್ಕು ದಿನದ ಹಿಂದೆ ಕೆಲಸಕ್ಕೆ ಹೋದವನು ಮನೆಗೆ ಬಂದಿರಲಿಲ್ಲ. ವಾಸ್ಕೋದಲ್ಲಿ ಅವನಿಗೊಬ್ಬಳು ಇದ್ದಾಳೆ, ಹಬ್ಬಕ್ಕೆ ಅಲ್ಲಿಗೇ ಹೋಗಿದ್ದಾನೆ ಎಂದು ಸೂಪರ್‌ವೈಸರ್ ಹೇಳಿ ಕೈ ತೊಳೆದುಕೊಂಡಿದ್ದ. ಕೇರಿಯ ಹದಿನಾರು ಗಂಡಸರಿಗೆ ರಜೆ ಈ ಭಾನುವಾರ ಒಂದೇ. ಇರುವುದು ಮೌಲಾಸಾಬನ ಟೆಂಪೋ ಒಂದೇ. ಎಲ್ಲಿ ಹುಡುಕುವುದು? ಅದನ್ನು ಆಚಾರ್ಯರು ಹೇಳಬೇಕು.

ಆಚಾರ್ಯರು ಅದೇ ಡಿಚೋಲಿಯ ಗಣಿ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಕಾಣಕೋಣದಿಂದ ಪೆಡಣೆಯವರೆಗೆ ಕನ್ನಡ ಬಲ್ಲ ಒಂದು ಕೋಳಿ ಕಳೆದರೂ ಜನ ಅವರ ಮನೆಗೇ ಬರುತ್ತಿದ್ದರು. ತೆಂಗಿನಕಾಯಿಗಿಂತ ಹೆಚ್ಚಿಗೆ ಅವರು ಏನನ್ನೂ ಮುಟ್ಟುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಪಂಚಾಂಗ ಬಿಟ್ಟು ಯಂತ್ರ ಹಿಡಿದಿದ್ದರು. ಪ್ರಶ್ನೆ ಕೇಳಿದವರ ಮಾತು ಮುಗಿದ ಕೂಡಲೇ ಒಂದು ಗುಂಡಿ ಒತ್ತಿದರೆ ಆಯಿತು. ಯಂತ್ರ ತನ್ನ ಗಡಿಯಾರ ನೋಡಿ, ಆ ಗಳಿಗೆಯ ಗ್ರಹಗಳನ್ನು ಹನ್ನೆರಡು ಮನೆಗಳಲ್ಲಿ ಕೂರಿಸಿ, ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಕೊಡುತ್ತಿತ್ತು. ಮಿಕ್ಕದ್ದು ಆಚಾರ್ಯರ ವಿದ್ಯೆ.

ಸುಧೀರ ವಯರುಗಳನ್ನು ತಂತಮ್ಮ ಮನೆಗೆ ಸೇರಿಸಿದ. ಹೂವನ್ನು ಕಿತ್ತು ಪದ್ಮಾಬಾಯಿಯ ಕೈಗೆ ಕೊಟ್ಟ. ಗುಂಡಿ ಒತ್ತಿದ. ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಹೆಸರು ಮೂಡಿದವು, ವಿಂಡೋಸ್ ಆರಿಸಿದ.

"ಬಂತ್ರೀ ಕಾಕಾ. ಕೂಡ್ರಿ."

ಮೌಲಾಸಾಬ ಹುಬ್ಬೇರಿಸಿದ. "ಇಷ್ಟಕ್ಕ ಐದು ದಿನಾ ಬಂದ್ ಇಟ್ಟಿದ್ರೇನು? ನನ್ನ ಟೆಂಪೋಕ್ಕ ಒದ್ದರ ಚಾಲೂ ಆಗ್ತೈತಿ."

"ನಿನ್ನ ಟೆಂಪೋದಾಗ ಇಂಜಿನ್ ಒಂದ ಐತಿ ಸಾಬ. ಇದರಾಗ ಎರಡು."

ಆಚಾರ್ಯರು ಕಾಲು ತೊಳೆದು ಬಂದು ಕುಳಿತರು. "ಕೇಳವಾ," ಎಂದರು.

ಸಾವಂತ್ರೆವ್ವ ನೆಲ ನೋಡುತ್ತಲೇ ಕೇಳಿದಳು. "ನಮ್ಮ ಮನ್ಯಾರು ಎಲ್ಲಿ ಅದಾರ್ರಿ? ಜೀವದಿಂದ ಅದಾರೇನ್ರಿ?"

ಗುಂಡಿ ಒತ್ತಿದರು. ಪ್ರಿಂಟರು ಕಿರುಗುಟ್ಟಿ ಹಾಳೆಯೊಂದನ್ನು ಹೊರಹಾಕಿತು. ಆಚಾರ್ಯರು ಅದನ್ನು ಮೂಗಿನ ತುದಿಗೆ ಹಿಡಿದು, ಬೆರಳು ಮಡಚುತ್ತ, ಬಿಚ್ಚುತ್ತ, ಬಹಳ ಹೊತ್ತು ಕುಳಿತರು.

"ಈಶಾನ್ಯ ದಿಕ್ಕು," ಎಂದರು ಕೊನೆಗೆ. "ದೂರಿಲ್ಲ. ನೀರದ, ಕಲ್ಲದ. ಬಂಧನದಾಗ ಇದ್ದಾನ, ಆದರ ಜೀವ ಅದ. ನಾಳೆ ಮಟ ಕಾಯಂಗಿಲ್ಲ."

ಮೌಲಾಸಾಬ ಹೊಸ್ತಿಲು ದಾಟಿ ಒಳಗೆ ಬಂದ. "ನಮ್ಮ ಕೇರಿಗೆ ಈಶಾನ್ಯಕ್ಕ ಅಂದ್ರ ಹಳೇ ಖಣಿ. ಬೇಲಿ ಹಾಕಿ ಮೂರು ವರ್ಷ ಆತು. ಹೊಸಾ ಖಣಿ ನೀರೆಲ್ಲಾ ಪಂಪ್ ಹಚ್ಚಿ ಅದರಾಗ ಬಿಡಾಕತ್ತಾರ. ಹಗಲೀ ರಾತ್ರಿ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಸುಧೀರ ಮನೆಗೆ ಹೋಗಿ ಮೀನಿನೂಟ ಮಾಡಿ ಮಲಗುತ್ತಿದ್ದ. ಆದರೆ ತಪ್ಪು ಕಂಡರೆ ಬಾಯಿ ಮುಚ್ಚಿಕೊಳ್ಳುವ ವಿದ್ಯೆಯೊಂದನ್ನು ಬಿಟ್ಟು ಲೋಕದ ಎಲ್ಲ ವಿದ್ಯೆಯನ್ನೂ ಕಲಿತವನು ಅವನು. ಹಾಳೆಯ ಮೂಲೆಯಲ್ಲಿ ಇರುವೆಕಾಲಿನಷ್ಟು ಸಣ್ಣ ಅಂಕಿಗಳಿದ್ದವು. ದಿನಾಂಕ ಸರಿಯಿತ್ತು: ಎರಡು ಸಾವಿರದ ಎಂಟು, ನವೆಂಬರ್ ಎರಡು. ವೇಳೆ: ನಾಲ್ಕು ಗಂಟೆ ಐವತ್ತೆರಡು ನಿಮಿಷ, ಬೆಳಿಗ್ಗೆ. ಅವನು ಕೈಗಡಿಯಾರ ನೋಡಿದ. ಹತ್ತು ಇಪ್ಪತ್ತೆರಡು.

ಮದರ್‌ಬೋರ್ಡಿನ ಸೆಲ್ ಹೋಗಿದ್ದರೆ ದಿನಾಂಕವೂ ಹೋಗುತ್ತಿತ್ತು. ಐದೂವರೆ ತಾಸು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನ ಮುಖ ಅರಳಿತು.

"ಕಾಕಾ, ಇದು ತಪ್ಪು ಟೈಮಿನ ಕುಂಡಲಿ ರೀ."

"ಏನಂದಿ?"

"ಡಬ್ಬ್ಯಾಗ ಒಂದು ಸಣ್ಣ ಗಡಿಯಾರ ಇರತದ, ಬಂದ್ ಮಾಡಿದ್ರೂ ನಡೀತದ. ಎರಡೂ ಸಿಸ್ಟಮ್ ಅದನ್ನ ನೋಡೂದು. ಧನಶ್ರೀ ಲಿನಕ್ಸ್ ಅದರಾಗ ಲಂಡನ್ ಟೈಮ್ ಬರದಿಡತದ. ತಾ ಓದುವಾಗ ಐದೂವರೆ ತಾಸು ಕೂಡಿಸಿ ಓದ್ಕೋತದ. ನಿಮ್ಮ ವಿಂಡೋಸಿಗೆ ಆ ಸುದ್ದಿನ ಗೊತ್ತಿಲ್ಲ. ಬರದದ್ದನ್ನ ಹಂಗ ಓದತದ. ಒಂದ ಗಡಿಯಾರ, ಇಬ್ರು ಬಾಡಿಗಿದಾರರು. ಅಕಿ ಇದನ್ನ ಹಾಕಿದಾಗಿಂದ ನೀವು ಒತ್ತಿದ ಪ್ರತಿ ಗುಂಡಿ ಐದೂವರೆ ತಾಸು ಹಿಂದಿನದು."

ಹೇಳಿ ಮುಗಿಸಿದ ಮೇಲೆ ತನ್ನ ಜಾಣತನಕ್ಕೆ ಯಾರೂ ತಲೆದೂಗುತ್ತಿಲ್ಲ ಎಂಬುದು ಅವನ ಗಮನಕ್ಕೆ ಬಂತು. ಪದ್ಮಾಬಾಯಿ ಕೈಯಲ್ಲಿದ್ದ ಹೂವನ್ನು ಹಿಸುಕುತ್ತಿದ್ದರು. ಆಚಾರ್ಯರು ಎದ್ದು, ಕಪಾಟಿನಿಂದ ಉದ್ದನೆಯ ನೋಟುಬುಕ್ಕು ತಂದು ಅವನ ತೊಡೆಯ ಮೇಲಿಟ್ಟರು.

"ನನಗ ಕಾಣಂಗಿಲ್ಲ. ಜೂನಿನಿಂದ ಓದು."

ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ಆಮೇಲೆ ಆದದ್ದು: ಮೂರು ಅಂಕಣ, ಪದ್ಮಾಬಾಯಿಯ ಅಕ್ಷರ. ಸರಿಯಾದದ್ದಕ್ಕೆ ಕೆಂಪು ಗುರುತು. ಜೂನಿಗಿಂತ ಮುಂಚೆ ಹತ್ತು ಪ್ರಶ್ನೆಗೆ ಎರಡೋ ಮೂರೋ ಕೆಂಪು. ಜೂನಿನಿಂದ ಈಚೆಗೆ ಸಾವಿರಾರು ಪ್ರಶ್ನೆಗಳು, ಎಲ್ಲವೂ ಕೆಂಪು ಎಂದು ಹೇಳುವುದಕ್ಕೆ ನಾಲಿಗೆ ತುರಿಸುತ್ತದೆ; ಆದರೆ ಈ ಒಂದು ಲೆಕ್ಕದಲ್ಲಿ ಒಗ್ಗರಣೆ ಬೇಡ. ಇದ್ದದ್ದು ಹತ್ತೊಂಬತ್ತು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಕೆಂಪು.

ವೆರ್ಣಾದ ಕಾರ್ಖಾನೆಯವನೊಬ್ಬನ ಕಳೆದ ಉಂಗುರ: 'ಅಕ್ಕಿಡಬ್ಬಿಯ ತಳ.' ಸಿಕ್ಕಿತು. ಮಿಠಾಯಿ ಅಂಗಡಿಯ ಮೋತಿಲಾಲ, ಅಣ್ಣ ಆಸ್ಪತ್ರೆಯಿಂದ ಮನೆಗೆ ಎಂದು ಬರುತ್ತಾನೆ ಎಂದು ಕೇಳಿದ್ದು ಬೆಳಗಿನ ಹತ್ತೂವರೆಗೆ: 'ಕೇಳುವುದು ಏನೂ ಉಳಿದಿಲ್ಲ.' ಪಕ್ಕದಲ್ಲಿ ಸಣ್ಣಗೆ ಬರೆದಿತ್ತು: ಅಣ್ಣ ತೀರಿದ್ದು ಅದೇ ದಿನ ನಸುಕಿನ ಐದಕ್ಕೆ. ಸುದ್ದಿ ಬಂದದ್ದು ಮಧ್ಯಾಹ್ನ.

ಸುಧೀರ ಆ ಸಾಲನ್ನು ಎರಡು ಸಲ ಓದಿದ. ಹೊರಗೆ ರಸ್ತೆಯಲ್ಲಿ ಬ್ರೆಡ್ಡಿನವನ ಪೋಂ ಪೋಂ ಕೇಳಿಸಿ ದೂರವಾಯಿತು.

"ಎಲ್ಲಾ ಖರೇ ಆಗ್ಯಾವಲ್ಲ ಕಾಕಾ..."

"ಆಗ್ಯಾವ. ತಪ್ಪು ವ್ಯಾಳ್ಯಾದ ಮ್ಯಾಲೆ ಆಗ್ಯಾವ. ಅಂದ್ರ ಹೇಳಿದಾಂವ ನಾ ಅಲ್ಲ." ಆಚಾರ್ಯರ ದನಿ ಗಟ್ಟಿಯಾಗಿತ್ತು. "ಯಾರು ಹೇಳ್ಯಾರೋ ನನಗ ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ. ಪ್ರಶ್ನೆ ನನ್ನ ಕಿವಿಗೆ ಬಿದ್ದ ಗಳಿಗಿನ ಗಳಿಗಿ. ಹಂಗಂತ ಶಾಸ್ತ್ರ. ಗಡಿಯಾರ ಸರಿ ಮಾಡು."

ಸರಿಪಡಿಸುವುದು ಐದು ನಿಮಿಷದ ಕೆಲಸ. ಲಿನಕ್ಸಿನೊಳಗೆ ಹೊಕ್ಕು ಒಂದು ಸಾಲಿನಲ್ಲಿ 'ಹೌದು' ಇದ್ದುದನ್ನು 'ಇಲ್ಲ' ಮಾಡಬೇಕು, ಮರಳಿ ವಿಂಡೋಸಿಗೆ ಬಂದು ವೇಳೆ ತಿದ್ದಬೇಕು. ಮಾಡಿದ. ಪರದೆಯ ಮೇಲಿನ ಮುಳ್ಳುಗಳು ನಸುಕಿನಿಂದ ಹತ್ತೂವರೆಗೆ ಜಿಗಿದವು. ಅವನಿಗೆ ಮಾತ್ರ ತಾನು ಮಲಗಿದ್ದವರೊಬ್ಬರ ಕಣ್ಣಿಗೆ ಒಮ್ಮೆಲೇ ದೀಪ ಹಿಡಿದಂತೆ ಅನಿಸಿತು.

ಸಾವಂತ್ರೆವ್ವ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಿದಳು. ಎರಡನೇ ಹಾಳೆ ಬಂತು.

"ದಕ್ಷಿಣ," ಆಚಾರ್ಯರು ಓದಿದರು. "ಸಮುದ್ರದ ಕಡೆ ಊರು. ಒಬ್ಬ ಹೆಂಗಸಿನ ಆಸರಾ. ಆರಾಮ ಇದ್ದಾನ. ತಾನ ಬರತಾನ, ಹುಡುಕೂದು ಬ್ಯಾಡ."

"ಹಂಗಾರ ಸೂಪರ್‌ವೈಸರ್ ಹೇಳಿದ್ದ ಖರೇ!" ಮೌಲಾಸಾಬ ತೊಡೆ ತಟ್ಟಿದ. "ವಾಸ್ಕೋನ. ನಡಿಯಬೇ ತಂಗಿ, ಹುಡುಗೋರ್ನ ಕರ್ಕೊಂಡು ಹೋಗಿ ಕುತ್ತಿಗಿ ಹಿಡದು ಎಳಕೊಂಡ ಬರ್ತೀವಿ. ಜೀವಕ್ಕ ಏನೂ ಆಗಿಲ್ಲಲ್ಲ, ಸಾಕು."

ಸಾವಂತ್ರೆವ್ವ ಏಳಲಿಲ್ಲ. ಕೈ ಚಾಚಿದಳು.

"ಮೊದಲನೇ ಹಾಳಿ ಕೊಡ್ರಿ."

"ಅದು ತಪ್ಪದವಾ. ಅದು ನಸುಕಿನ ಐದಕ್ಕ ಎಂಟು ಮಿನಿಟ್ ಕಡಿಮಿ ಇದ್ದಾಗಿಂದು. ನೀ ಆಗ ಇಲ್ಲಿದ್ದೇನು?"

"ಇಲ್ಲಿ ಇದ್ದಿದ್ದಿಲ್ರಿ. ಮನ್ಯಾಗ ಇದ್ದೆ." ಅವಳು ಮೊದಲ ಸಲ ತಲೆಯೆತ್ತಿದಳು. "ನಾಲ್ಕು ದಿನ ಆತ್ರಿ, ಖಣಿ ಭೋಂಗಾ ಐದಕ್ಕ ಊದ್ತೈತಲ್ಲ, ಅದಕ್ಕಿಂತ ಚೂರ ಮೊದ್ಲ ಯಾರೋ ನನ್ನ ಹೆಸರ ಹಿಡದು ಕರಿತಾರ. ಎದ್ದ ಕೂಡ್ತೀನಿ. ಆಮ್ಯಾಲ ಭೋಂಗಾ ಊದ್ತೈತಿ. ಇವತ್ತೂ ಕರದ್ರು. ಎದ್ದ ಕೂತು, ಕತ್ತಲಾಗ, ಇದನ್ನ ಕೇಳೇನ್ರಿ. ಎಲ್ಲಿ ಅದಾರು, ಜೀವದಿಂದ ಅದಾರೇನು ಅಂತ. ಯಾರಿಗೆ ಕೇಳಿದ್ನೋ ನನಗ ಗೊತ್ತಿಲ್ಲ. ನಾ ಕೇಳಿದ್ದು ಆವಾಗ್ರೀ. ಇಲ್ಲಿ ಬಂದು ಬರೇ ಬಾಯಿ ತಗದೆ."

ಯಂತ್ರದ ಫ್ಯಾನು ತಿರುಗುತ್ತಿತ್ತು.

ಅವಳು ಸುಧೀರನತ್ತ ತಿರುಗಿದಳು. "ಗಡಿಯಾರದ ಸುದ್ದಿ ತಗದಾಂವ ನೀನ. ನೀನ ಹೇಳಪ್ಪಾ. ಯಾವ ಹಾಳಿ?"

ದೇವರು, ದೆವ್ವ, ಗ್ರಹ ಯಾವುದನ್ನೂ ನಂಬದ ಸುಧೀರ. ಧಾರವಾಡದಲ್ಲಿ ಸ್ಮಶಾನದ ಗೋಡೆಯ ಮೇಲೆ ಕೂತು ಗಿರಮಿಟ್ಟು ತಿಂದು ಪರೀಕ್ಷೆಗೆ ಓದಿದವನು, ಅದೂ ಹತ್ತು ಅಮಾವಾಸ್ಯೆ. ವಾಸ್ಕೋಗೆ ಹೋಗಿ ಎಂದರೆ ಅವನ ತಲೆಯ ಮೇಲೆ ಯಾವ ಪಾಪವೂ ಬರುತ್ತಿರಲಿಲ್ಲ. ಗಡಿಯಾರ ಸರಿಯಿತ್ತು, ಶಾಸ್ತ್ರ ಸರಿಯಿತ್ತು, ಸೂಪರ್‌ವೈಸರನ ಮಾತೂ ಕೂಡಿಬರುತ್ತಿತ್ತು. ಆದರೆ ತೊಡೆಯ ಮೇಲೆ ನೋಟುಬುಕ್ಕು ಇನ್ನೂ ತೆರೆದಿತ್ತು. ಹಳೆಯ ಗಣಿಗೆ ಹಗಲೂ ರಾತ್ರಿ ನೀರು ಬೀಳುತ್ತಿತ್ತು. ಹದಿನಾರು ಗಂಡಸರು, ಒಂದು ಟೆಂಪೋ, ಒಂದು ಭಾನುವಾರ.

"ಮೊದಲನೇದು," ಅಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಹಂಗಾರ ನೀನೂ ಬಾ," ಎಂದು ಸಾವಂತ್ರೆವ್ವ ಎದ್ದಳು.

ಆಚಾರ್ಯರು ತಡೆಯಲಿಲ್ಲ. ಎರಡನೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು, ಅವರು ಮೆಟ್ಟಿಲಿಳಿಯುವುದನ್ನು ಕಾಣದ ಕಣ್ಣಿನಿಂದ ನೋಡುತ್ತ ನಿಂತರು.

ದಾರಿಯುದ್ದಕ್ಕೂ ಮೌಲಾಸಾಬ ಬೈದ. ರಸ್ತೆಗೆ ಬೈದ, ಪಣಜಿಯ ಸೇತುವೆಗೆ ಬೈದ, ಸುಧೀರನಿಗೆ ನಾಲ್ಕು ಸಲ ಬೈದ. "ನೀ ಕಂಪ್ಯೂಟರ್ ಮಾಡಾಂವೋ, ದೇವರ ಹೇಳಾಂವೋ? ಅಲ್ಲಿ ಏನೂ ಸಿಗಲಿಲ್ಲಂದ್ರ ಹುಡುಗೋರು ನಿನ್ನ ಅದರಾಗ ಒಗಿತಾರ ನೋಡು." ಸುಧೀರನ ಪಕ್ಕದಲ್ಲಿ ಸಾವಂತ್ರೆವ್ವ ಹಾಳೆಯನ್ನು ಎದೆಗೊತ್ತಿಕೊಂಡು ಕುಳಿತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಡಿಚೋಲಿ ದಾಟಿದ ಮೇಲೆ ಎಲ್ಲವೂ ಕೆಂಪು: ಎಲೆ ಕೆಂಪು, ನಾಯಿ ಕೆಂಪು, ಕಾಗೆ ಕೂಡ ಹುಟ್ಟುವಾಗಲೇ ಕೆಂಪಾಗಿ ಹುಟ್ಟುತ್ತದೆ ಎಂಬಂತೆ. ಕೇರಿಯ ಗಂಡಸರು ಹಗ್ಗ, ಹಾರೆ ಹಿಡಿದು ಹತ್ತಿದರು. ವಾಸ್ಕೋಗೆಂದು ಹೊಸ ಅಂಗಿ ತೊಟ್ಟಿದ್ದ ಇಬ್ಬರು ಗೊಣಗಿದರು. ಭಾನುವಾರವಾದ್ದರಿಂದ ಬೇಲಿಯ ಬಳಿ ಕಾವಲುಗಾರನಿರಲಿಲ್ಲ.

ಹಳೆಯ ಗಣಿಯ ಬಾಯಿ ಒಮ್ಮೆಲೇ ಎದುರಾಯಿತು. ಅಷ್ಟು ದೊಡ್ಡ ತಗ್ಗನ್ನು ಸುಧೀರ ಕಂಡಿರಲಿಲ್ಲ. ಮಡಗಾಂವ್ ಮಾರ್ಕೆಟ್ಟನ್ನು ಎತ್ತಿ ಒಳಗಿಟ್ಟರೂ ಮೇಲೆ ಇನ್ನೊಂದಕ್ಕೆ ಜಾಗ ಇತ್ತು. ತಳದಲ್ಲಿ ಹಸಿರು ನೀರು, ಅಲುಗದೆ. ಒಂದು ಬದಿಯಲ್ಲಿ ಮಣ್ಣು ಕುಸಿದು ಕುರುಚಲು ಗಿಡಗಳ ಸಮೇತ, ಗಣಿಗೋಡೆಗೆ ಕಡಿದ ಕೆಳಗಿನ ಮೆಟ್ಟಿಲೊಂದರ ಮೇಲೆ ಗುಡ್ಡೆಯಾಗಿತ್ತು. ಆಚೆ ದಂಡೆಯಲ್ಲಿ ಡೀಸೆಲ್ ಪಂಪು ಎದೆ ನಡುಗುವಂತೆ ಗುಡುಗುತ್ತಿತ್ತು. ಆನೆಸೊಂಡಿಲಿನಷ್ಟು ದಪ್ಪ ಪೈಪಿನಿಂದ ನೀರು ಒಳಗೆ ಸುರಿಯುತ್ತಿತ್ತು. ಕುಸಿದ ಮಣ್ಣಿಗೂ ನೀರಿಗೂ ನಡುವೆ ಒಂದು ಆಳೆತ್ತರವೂ ಉಳಿದಿರಲಿಲ್ಲ.

"ಯಮನೂರ್ಯಾ!" ಎಂದು ಒಬ್ಬ ಕೂಗಿದ. ಪಂಪಿನ ಸದ್ದಿನಲ್ಲಿ ಅವನ ದನಿ ಅವನ ಬಾಯಿಯಿಂದ ಹೊರಗೇ ಬರಲಿಲ್ಲ.

"ಬಂದ್ ಮಾಡ್ರೋ ಅದನ್ನ," ಎಂದು ಮೌಲಾಸಾಬ ತಾನೇ ಸುತ್ತು ಹಾಕಿ ಓಡಿದ.

ದಂಡೆಯ ಅಂಚಿನಿಂದ ಕುಸಿದ ಮಣ್ಣಿನತ್ತ ಹಳೆಯ ಕಬ್ಬಿಣದ ಪೈಪೊಂದು ಇಳಿದುಹೋಗಿತ್ತು. ಸುಧೀರ ಅದರ ಮೇಲೆ ಕೈಯೂರಿ ನಿಂತ. ಮಾರು ದೂರದಲ್ಲಿ ಸಾವಂತ್ರೆವ್ವ. ಪಂಪು ಒಮ್ಮೆ ಬಿಕ್ಕಳಿಸಿ ನಿಂತಿತು. ನಾಲ್ಕು ದಿನದ ಗುಡುಗು ನಿಂತ ಜಾಗದಲ್ಲಿ ಕಿವಿ ನೋಯುವಂಥ ಮೌನ ತುಂಬಿಕೊಂಡಿತು.

ಮೊದಲು ಅವನಿಗೆ ಗೊತ್ತಾದದ್ದು ಅಂಗೈಯಲ್ಲಿ. ಪೈಪು ಸಣ್ಣಗೆ ಮಿಡಿಯಿತು. ಟಕ್. ತಡೆದು, ಟಕ್ ಟಕ್.

ಅವನು ಕತ್ತು ತಿರುಗಿಸಿ ನೋಡಿದ. ಸಾವಂತ್ರೆವ್ವ ಆಗಿನ್ನೂ ಉಸಿರು ಒಳಗೆಳೆದುಕೊಳ್ಳುತ್ತಿದ್ದಳು. ಬಾಯಿ ತೆರೆದಿರಲಿಲ್ಲ. ತೆರೆದಳು.

"ಏ ಸೋಮೂನ ಅಪ್ಪಾ! ನಾ ಬಂದೇನಿ! ಓ ಅನ್ನೋ!"

ಕೂಗು ಗಣಿಯ ಗೋಡೆಗೋಡೆಗೆ ಬಡಿದು ತಿರುಗಿತು. ಅದು ಸತ್ತ ಮೇಲೆ, ಎಲ್ಲರ ಕಿವಿಗೂ ಬೀಳುವಂತೆ, ಮಣ್ಣಗುಡ್ಡೆಯ ಗಿಡಗಳ ಮರೆಯಿಂದ ಕಬ್ಬಿಣಕ್ಕೆ ಕಲ್ಲು ಬಡಿದ ಸದ್ದು ಬಂತು.

"ಕರದ ಕೂಡ್ಲೇ ಓಗೊಟ್ಟ ನೋಡ್ರೋ!" ಆಚೆ ದಂಡೆಯಿಂದ ಮೌಲಾಸಾಬ ಅಳುದನಿಯಲ್ಲಿ ಚೀರಿದ. ಹದಿನಾರು ಮಂದಿ ಹಗ್ಗ ಬಿಚ್ಚುತ್ತ ಓಡಿದರು.

ಸುಧೀರ ಬಾಯಿ ತೆರೆದ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಪೈಪಿನಿಂದ ಕೈ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು, ಬಾಯಿ ಮುಚ್ಚಿದ. ಹೋಗಿ ಹಗ್ಗಕ್ಕೆ ಕೈ ಹಚ್ಚಿದ.

ಸೊಂಟದವರೆಗೆ ಹೂತಿದ್ದವನನ್ನು ಅಗೆದು ಬಿಡಿಸಿ ಮೇಲೆ ತರುವಾಗ ಬಿಸಿಲು ಹಳದಿಯಾಗಿತ್ತು. ಯಮನೂರಪ್ಪನ ಕಣ್ಣು ಬಿಟ್ಟರೆ ಮಿಕ್ಕದ್ದೆಲ್ಲ ಕೆಂಪು ಮಣ್ಣು. ನೀರು ಕುಡಿಸಿ, ಸೆರಗಿನಿಂದ ಮುಖ ಒರೆಸಿ ಸಾವಂತ್ರೆವ್ವ ಕೇಳಿದಳು:

"ದಿನಾ ನಸುಕಿನ್ಯಾಗ ಕರದ್ಯಲ್ಲ, ಈಗ್ಯಾಕ ಮಾತಾಡವಲ್ಲಿ?"

ಅವನು ತುಟಿ ಅಲುಗಿಸಿದ. ಗಾಳಿಯಷ್ಟೇ ಬಂತು. ಗಂಟಲ ಮೇಲೆ ಕೈಯಿಟ್ಟು, ಒಂದು ಬೆರಳೆತ್ತಿ ತೋರಿಸಿದ: ದನಿ ಹೋದದ್ದು ಮೊದಲ ದಿನವೇ. ಆಮೇಲೆ ತಲೆಯಾಡಿಸಿದ. ತಾನು ಕರೆದಿಲ್ಲ.

ಗಂಡಸರು ಅವನನ್ನು ಟೆಂಪೋದತ್ತ ಹೊತ್ತು ನಡೆದರು. ದಂಡೆಯ ಮೇಲೆ ಬಿದ್ದಿದ್ದ ಒದ್ದೆ ಹಗ್ಗವನ್ನು ಸಾವಂತ್ರೆವ್ವ ಎತ್ತಿಕೊಂಡು, ಹೆಬ್ಬೆರಳಿಗೂ ಮೊಣಕೈಗೂ ಒಂದೊಂದೇ ಸುತ್ತು ಹಾಕುತ್ತ, ಕೊನೆಯ ತುದಿ ನೀರಿನಿಂದ ಮೇಲೆ ಬರುವವರೆಗೆ ಅಲ್ಲೇ ನಿಂತು ಸುತ್ತಿಕೊಳ್ಳುತ್ತಿದ್ದಳು.